ದೆವ್ವವನ್ನೇ ನಗಿಸಿದವರು, ಎರಡನೇ ಭಾಗದಲ್ಲಿ ಎಡವಿದವರು: ಹಾರರ್ ಸ್ಪೂಫ್ ಸೀಕ್ವೆಲ್‌ಗಳ ಕಥೆ

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರುವವರಿಗೆ, ರಾತ್ರಿ ಲೈಟ್ ಆರಿಸಿ ಹಾಸಿಗೆ ಮೇಲೆ ಬಿದ್ದುಕೊಂಡು ಕೇಳುತ್ತಿರುವವರಿಗೆ, ಎಲ್ಲರಿಗೂ ಸ್ವಾಗತ. ಇವತ್ತು ದೆವ್ವದ ಸಿನಿಮಾ ಬಗ್ಗೆ ಮಾತು. ಆದರೆ ಹೆದರಬೇಡಿ, ಇವು ದೆವ್ವಗಳನ್ನು ಗೇಲಿ ಮಾಡಿದ ಸಿನಿಮಾಗಳು.

ಒಂದು ಪೋಸ್ಟರ್‌ನಿಂದ ಶುರು ಮಾಡೋಣ. 2000ನೇ ಇಸವಿಯ ಜುಲೈ 7ರಂದು ಅಮೆರಿಕದಲ್ಲಿ ‘ಸ್ಕೇರಿ ಮೂವಿ’ ಬಿಡುಗಡೆಯಾಯಿತು. ಅದರ ಪೋಸ್ಟರ್ ಮೇಲೆ ಮೂರು ಘೋಷಣೆ ಇತ್ತು: ಕರುಣೆ ಇಲ್ಲ, ನಾಚಿಕೆ ಇಲ್ಲ, ಸೀಕ್ವೆಲ್ ಇಲ್ಲ. ಮುಂದಿನ ವರ್ಷ ಜುಲೈ 4ಕ್ಕೆ, ಅಂದ್ರೆ ವರ್ಷ ತುಂಬೋಕೆ ಇನ್ನೂ ಮೂರು ದಿನ ಇರುವಾಗಲೇ, ಎರಡನೇ ಭಾಗ ಬಂತು. ಅದರ ಪೋಸ್ಟರ್ ಮೇಲೆ ಇದ್ದ ಮಾತು: ನಾವು ಹೇಳಿದ್ದು ಸುಳ್ಳು!

ಜೋಕ್ ಚೆನ್ನಾಗಿದೆ. ಆದರೆ ಆ ಜೋಕಿನ ಹಿಂದೆ ಇರುವ ಲೆಕ್ಕಾಚಾರ ಅಷ್ಟೊಂದು ತಮಾಷೆಯದ್ದಲ್ಲ. ಸ್ಪೂಫ್‌ಗೆ ಸೀಕ್ವೆಲ್ ಮಾಡೋದು ಯಾಕೆ ಇಷ್ಟು ಕಷ್ಟ? ಯಾವುದು ಗೆದ್ದಿತು, ಯಾವುದು ಮಕಾಡೆ ಮಲಗಿತು? ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಜೋಕ್ ಕೋಟಿಗಟ್ಟಲೆ ಡಾಲರ್ ಗಳಿಸೋಕೆ ಶುರು ಮಾಡಿದ ಮೇಲೆ ಆ ಜೋಕ್ ಯಾರಿಗೆ ಸೇರಿದ್ದು?

ಮೊದಲು ಒಂದು ವ್ಯತ್ಯಾಸ ಸ್ಪಷ್ಟ ಮಾಡಿಕೊಳ್ಳೋಣ. ಹಾರರ್ ಕಾಮಿಡಿ ಬೇರೆ, ಹಾರರ್ ಸ್ಪೂಫ್ ಬೇರೆ. ಉಪೇಂದ್ರ ಅವರ ‘ಕಲ್ಪನ’ ನೆನಪಿದೆಯಲ್ಲ? 2012ರಲ್ಲಿ ಬಂತು, ತಮಿಳಿನ ‘ಕಾಂಚನ’ದ ರೀಮೇಕ್. 2016ರಲ್ಲಿ ‘ಕಲ್ಪನ 2’ ಕೂಡ ಬಂತು. ಅಲ್ಲಿ ದೆವ್ವ ನಿಜವಾದದ್ದು. ಅದಕ್ಕೊಂದು ಅನ್ಯಾಯದ ಕಥೆ ಇದೆ, ಸೇಡು ಇದೆ. ನಾವು ನಗೋದು ಹೀರೋ ಹೆದರೋ ರೀತಿಗೆ. ಹಾಗಾಗಿ ಎರಡನೇ ಭಾಗ ಬೇಕು ಅಂದರೆ ಹೊಸ ದೆವ್ವ, ಹೊಸ ಅನ್ಯಾಯ ತಂದರೆ ಸಾಕು, ಬಂಡಿ ಮುಂದೆ ಸಾಗುತ್ತೆ.

ಸ್ಪೂಫ್ ಹಾಗಲ್ಲ. ಅದು ನಗೋದು ದೆವ್ವವನ್ನು ನೋಡಿ ಅಲ್ಲ, ದೆವ್ವದ ಸಿನಿಮಾ ನೋಡಿ. ಒಬ್ಬಳೇ ಹುಡುಗಿ ಕತ್ತಲೆ ಮನೆಯಲ್ಲಿ ‘ಯಾರು ಅಲ್ಲಿ?’ ಅಂತ ಕೇಳ್ತಾಳಲ್ಲ, ಓಡಿಹೋಗೋ ಬದಲು ಮಹಡಿ ಮೆಟ್ಟಿಲು ಹತ್ತುತ್ತಾಳಲ್ಲ, ಆ ಪದ್ಧತಿಗಳನ್ನು ಅದು ಅಣಕಿಸುತ್ತೆ. ಅಂದರೆ ಸ್ಪೂಫ್‌ಗೆ ಸ್ವಂತ ಅಡುಗೆಮನೆ ಇಲ್ಲ. ಪಕ್ಕದ ಮನೆಯವರು ಗಂಭೀರವಾಗಿ ಅಡುಗೆ ಮಾಡಿದರೆ ಮಾತ್ರ ಇದಕ್ಕೆ ಊಟ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಇಡೀ ಇತಿಹಾಸ ಇದರ ಸುತ್ತಲೇ ಸುತ್ತುತ್ತೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. 1931ರಲ್ಲಿ ಯೂನಿವರ್ಸಲ್ ಸ್ಟುಡಿಯೋ ‘ಡ್ರ್ಯಾಕುಲಾ’, ‘ಫ್ರಾಂಕೆನ್‌ಸ್ಟೈನ್’ ಎರಡನ್ನೂ ಬಿಡುಗಡೆ ಮಾಡಿತು. ಜನ ಬೆಚ್ಚಿಬಿದ್ದರು. ಆಮೇಲೆ ಹದಿನೈದು ವರ್ಷ ಅದೇ ದೆವ್ವಗಳನ್ನು ಎಳೆದಾಡಿದರು. 1944 ಮತ್ತು 1945ರ ಹೊತ್ತಿಗೆ ಒಂದೇ ಸಿನಿಮಾದಲ್ಲಿ ಡ್ರ್ಯಾಕುಲಾ, ತೋಳಮಾನವ, ಫ್ರಾಂಕೆನ್‌ಸ್ಟೈನ್‌ನ ರಾಕ್ಷಸ ಎಲ್ಲರನ್ನೂ ಸಂತೆಗೆ ಬಂದವರ ಹಾಗೆ ತುರುಕಿದ್ದರು. ಹೆದರಿಕೆ ಹೋಗಿತ್ತು. ಉಳಿದದ್ದು ಒಂದೇ ದಾರಿ, ನಗು.

1948ರಲ್ಲಿ ‘ಅಬಟ್ ಅಂಡ್ ಕಾಸ್ಟೆಲ್ಲೊ ಮೀಟ್ ಫ್ರಾಂಕೆನ್‌ಸ್ಟೈನ್’ ಬಂತು. ಬಡ್ ಅಬಟ್, ಲೂ ಕಾಸ್ಟೆಲ್ಲೊ ಆಗಿನ ಕಾಲದ ದೊಡ್ಡ ಹಾಸ್ಯಜೋಡಿ. ಈ ಚಿತ್ರದ ಜಾಣತನ ಏನು ಗೊತ್ತಾ? 1931ರ ಡ್ರ್ಯಾಕುಲಾ ಆಗಿದ್ದ ಬೆಲಾ ಲುಗೋಸಿಯನ್ನೇ ಮತ್ತೆ ಕರೆತಂದರು. ತೋಳಮಾನವನಾಗಿ ಲಾನ್ ಚೇನಿ ಜೂನಿಯರ್ ಅವರೇ ಬಂದರು. ಇವರಿಬ್ಬರೂ ಒಂದು ಕ್ಷಣವೂ ಕಾಮಿಡಿ ಮಾಡೋದಿಲ್ಲ. ತಮ್ಮ ಪಾತ್ರವನ್ನು ಪೂರ್ತಿ ಗಂಭೀರವಾಗಿ ಆಡ್ತಾರೆ. ಕಾಮಿಡಿ ಎಲ್ಲ ಹೆದರಿ ನಡುಗುವ ಜೋಡಿಯದ್ದು. ನಮ್ಮ ಯಕ್ಷಗಾನ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ರಕ್ಕಸ ವೇಷ ಅಬ್ಬರಿಸಿದರೇನೇ ಹಾಸ್ಯಗಾರನ ಮಾತಿಗೆ ಬೆಲೆ.

ಚಿತ್ರ ಗೆದ್ದಿತು. 2001ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ ಸೇರಿತು. ಗೆದ್ದ ಮೇಲೆ ಸ್ಟುಡಿಯೋ ಸುಮ್ಮನಿರುತ್ತಾ? 1949ರಲ್ಲಿ ಬೋರಿಸ್ ಕಾರ್ಲಾಫ್ ಜೊತೆ, 1951ರಲ್ಲಿ ಅದೃಶ್ಯ ಮಾನವನ ಜೊತೆ, 1953ರಲ್ಲಿ ಜೆಕಿಲ್ ಮತ್ತು ಹೈಡ್ ಜೊತೆ, 1955ರಲ್ಲಿ ಮಮ್ಮಿ ಜೊತೆ. ಮಮ್ಮಿ ಅಂದ್ರೆ ಈಜಿಪ್ಟಿನ ಬಟ್ಟೆ ಸುತ್ತಿದ ಹೆಣ. ಇವುಗಳಲ್ಲಿ ಯಾವುದೂ 1948ರ ಚಿತ್ರದ ಎತ್ತರಕ್ಕೆ ಹೋಗಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ದೆವ್ವ ಬದಲಾಯಿತು, ಸೂತ್ರ ಬದಲಾಗಲಿಲ್ಲ.

1974ರಲ್ಲಿ ಮೆಲ್ ಬ್ರೂಕ್ಸ್ ‘ಯಂಗ್ ಫ್ರಾಂಕೆನ್‌ಸ್ಟೈನ್’ ಮಾಡಿದರು. ಬಣ್ಣದ ಕಾಲದಲ್ಲಿ ಕಪ್ಪುಬಿಳುಪಿನಲ್ಲಿ ಚಿತ್ರೀಕರಿಸಿದರು. 1931ರ ಚಿತ್ರಕ್ಕೆ ಕೆನೆತ್ ಸ್ಟ್ರಿಕ್‌ಫ್ಯಾಡನ್ ತಯಾರಿಸಿದ್ದ ಪ್ರಯೋಗಾಲಯದ ಉಪಕರಣಗಳನ್ನೇ ಹುಡುಕಿ ತಂದು ಬಳಸಿದರು. ಅಣಕಿಸೋಕೆ ಇಷ್ಟೊಂದು ಶ್ರದ್ಧೆ ಬೇಕಾ ಅಂದರೆ, ಹೌದು, ಬೇಕು. ಪ್ರೀತಿ ಇಲ್ಲದವರು ಅಣಕಿಸಿದರೆ ಅದು ಬರೀ ಕುಹಕ ಆಗುತ್ತೆ. ಬ್ರೂಕ್ಸ್ ಅದಕ್ಕೆ ಎರಡನೇ ಭಾಗದ ಸಿನಿಮಾ ಮಾಡಲಿಲ್ಲ. ಇಪ್ಪತ್ತೊಂದು ವರ್ಷದ ನಂತರ, 1995ರಲ್ಲಿ, ಲೆಸ್ಲಿ ನೀಲ್ಸನ್ ಅವರನ್ನು ಹಾಕಿಕೊಂಡು ಡ್ರ್ಯಾಕುಲಾನನ್ನು ಅಣಕಿಸಿದರು. ಸುಮಾರು 3 ಕೋಟಿ ಡಾಲರ್ ಖರ್ಚಿನ ಆ ಚಿತ್ರ ಅಮೆರಿಕದಲ್ಲಿ ಗಳಿಸಿದ್ದು 1 ಕೋಟಿಯ ಆಸುಪಾಸು. ಅವರು ನಿರ್ದೇಶಿಸಿದ ಕೊನೆಯ ಚಲನಚಿತ್ರ ಅದೇ ಆಯಿತು.

ಇಲ್ಲಿ ಹಾರರ್ ಬಿಟ್ಟು ಒಂದು ನಿಮಿಷ ವಿಮಾನ ಹತ್ತೋಣ. ಕಾರಣ ಇದೆ. 1980ರಲ್ಲಿ ‘ಏರ್‌ಪ್ಲೇನ್!’ ಅನ್ನೋ ಸ್ಪೂಫ್ ಬಂತು. ಮಾಡಿದವರು ಡೇವಿಡ್ ಝಕರ್, ಅವರ ತಮ್ಮ ಜೆರ್ರಿ ಝಕರ್, ಗೆಳೆಯ ಜಿಮ್ ಏಬ್ರಹಾಮ್ಸ್. ಅಮೆರಿಕದಲ್ಲೇ 8 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಸ್ಟುಡಿಯೋ 1982ರಲ್ಲಿ ‘ಏರ್‌ಪ್ಲೇನ್ 2’ ತಂದಿತು. ಅದರಲ್ಲಿ ಈ ಮೂವರೂ ಇರಲಿಲ್ಲ. ಬೇರೆಯವರು ಬರೆದು, ಬೇರೆಯವರು ನಿರ್ದೇಶಿಸಿದರು. ಗಳಿಕೆ ಮೂರನೇ ಒಂದು ಭಾಗಕ್ಕೆ ಕುಸಿಯಿತು. ಅದೇ ಡೇವಿಡ್ ಝಕರ್ ತಾವೇ ನಿರ್ದೇಶಿಸಿದ ‘ನೇಕೆಡ್ ಗನ್’ಗೆ 1991ರಲ್ಲಿ ತಾವೇ ಎರಡನೇ ಭಾಗ ಮಾಡಿದಾಗ, ಅದು ಅಮೆರಿಕದಲ್ಲಿ ಮೊದಲನೆಯದಕ್ಕಿಂತ ಹೆಚ್ಚು ಗಳಿಸಿತು. ಡೇವಿಡ್ ಝಕರ್ ಅನ್ನೋ ಹೆಸರು ನೆನಪಿಡಿ. ಅವರು ಮತ್ತೆ ಬರ್ತಾರೆ, ಬೇರೆಯದೇ ಪಾತ್ರದಲ್ಲಿ.

ಈಗ 1996ಕ್ಕೆ ಬರೋಣ. ಆ ವರ್ಷದ ಡಿಸೆಂಬರ್‌ನಲ್ಲಿ ವೆಸ್ ಕ್ರೇವನ್ ನಿರ್ದೇಶನದ ‘ಸ್ಕ್ರೀಮ್’ ಬಂತು. ಬಿಳಿ ಮುಖವಾಡ, ಫೋನ್ ಕರೆ, ಚಾಕು. ಅದರ ಪಾತ್ರಗಳಿಗೆ ಹಾರರ್ ಸಿನಿಮಾದ ನಿಯಮಗಳು ಬಾಯಿಪಾಠ ಬರುತ್ತಿದ್ದವು. ಕೆವಿನ್ ವಿಲಿಯಮ್ಸನ್ ಬರೆದ ಆ ಚಿತ್ರಕಥೆಯ ಮೊದಲ ಹೆಸರೇನು ಗೊತ್ತಾ? ‘ಸ್ಕೇರಿ ಮೂವಿ’! ಸ್ಕ್ರೀಮ್ ತಂದದ್ದು ಡೈಮೆನ್ಶನ್ ಫಿಲ್ಮ್ಸ್. ನಾಲ್ಕು ವರ್ಷದ ನಂತರ ಅದನ್ನು ಅಣಕಿಸಿದ ಚಿತ್ರವನ್ನು ತಂದದ್ದೂ ಅದೇ ಕಂಪನಿ. ತನ್ನ ಸಿನಿಮಾವನ್ನು ತಾನೇ ಗೇಲಿ ಮಾಡಿಸಿ, ಎರಡೂ ಕಡೆ ದುಡ್ಡು ಎಣಿಸಿತು.

ಗೇಲಿ ಮಾಡಿದವರು ವೇಯನ್ಸ್ ಕುಟುಂಬ. ಅಣ್ಣ ಕೀನನ್ ಐವರಿ ವೇಯನ್ಸ್ ನಿರ್ದೇಶಕ, ತಮ್ಮಂದಿರಾದ ಶಾನ್ ಮತ್ತು ಮಾರ್ಲನ್ ಬರವಣಿಗೆ ಮತ್ತು ನಟನೆಯಲ್ಲಿ. ಕೀನನ್ 1990ರಲ್ಲಿ ಶುರು ಮಾಡಿದ ‘ಇನ್ ಲಿವಿಂಗ್ ಕಲರ್’ ಟಿವಿ ಕಾರ್ಯಕ್ರಮ ಅಮೆರಿಕದ ಕಪ್ಪು ಹಾಸ್ಯಕಲಾವಿದರಿಗೆ ದೊಡ್ಡ ವೇದಿಕೆಯಾಗಿತ್ತು. ಜಿಮ್ ಕ್ಯಾರಿ ಕೂಡ ಅಲ್ಲಿಂದಲೇ ಮನೆಮಾತಾದದ್ದು.

ಅವರ ಅಣಕದಲ್ಲಿ ಒಂದು ಮೊನೆ ಇತ್ತು. ಹಾರರ್ ಚಿತ್ರಗಳಲ್ಲಿ ಕಪ್ಪು ಪಾತ್ರ ಬೇಗ ಸಾಯುತ್ತೆ ಅನ್ನೋದು ಕಪ್ಪು ಪ್ರೇಕ್ಷಕರ ಹಳೇ ದೂರು, ಹಳೇ ಜೋಕ್ ಎರಡೂ. 1997ರ ‘ಸ್ಕ್ರೀಮ್ 2’ ಶುರುವಾಗೋದೇ ಚಿತ್ರಮಂದಿರದಲ್ಲಿ ಒಂದು ಕಪ್ಪು ಜೋಡಿಯ ಕೊಲೆಯಿಂದ. ‘ಸ್ಕೇರಿ ಮೂವಿ’ ಆ ದೃಶ್ಯವನ್ನು ತಿರುಗಿಸಿತು. ಬ್ರೆಂಡಾ ಪಾತ್ರದ ರೆಜಿನಾ ಹಾಲ್ ಥಿಯೇಟರ್‌ನಲ್ಲಿ ಕೂತು ಜೋರಾಗಿ ಮಾತಾಡ್ತಾಳೆ, ಫೋನ್ ಎತ್ತುತ್ತಾಳೆ. ಕೊಲೆಗಾರ ಚಾಕು ಎತ್ತಿಕೊಂಡು ಪಕ್ಕದಲ್ಲೇ ಇದ್ದಾನೆ. ಆದರೆ ಸಿಟ್ಟಿಗೆದ್ದ ಪ್ರೇಕ್ಷಕರೇ ಅವಳನ್ನು ಚುಚ್ಚಿಬಿಡ್ತಾರೆ! ನಕ್ಕು ಮುಗಿದ ಮೇಲೆ ಅಲ್ಲಿ ಏನೋ ಚುರ್ ಅನ್ನುತ್ತೆ.

1.9 ಕೋಟಿ ಡಾಲರ್‌ನಲ್ಲಿ ಮಾಡಿದ ಚಿತ್ರ ಜಗತ್ತಿನಾದ್ಯಂತ ಸುಮಾರು 27.8 ಕೋಟಿ ಗಳಿಸಿತು. ಕಪ್ಪು ಅಮೆರಿಕನ್ ನಿರ್ದೇಶಕರೊಬ್ಬರ ಅತಿ ಹೆಚ್ಚು ಗಳಿಕೆಯ ಚಿತ್ರ ಅನ್ನೋ ದಾಖಲೆ ಅದರದ್ದಾಯಿತು. 2005ರಲ್ಲಿ ಟಿಮ್ ಸ್ಟೋರಿ ಅವರ ‘ಫೆಂಟಾಸ್ಟಿಕ್ ಫೋರ್’ ಬರುವ ತನಕ ಅದು ಮುರಿಯಲಿಲ್ಲ.

ಮುಂದಿನದ್ದು ಊಹಿಸೋದು ಸುಲಭ. ಕಾವಲಿ ಕಾದಿರುವಾಗಲೇ ಇನ್ನೊಂದು ದೋಸೆ ಹುಯ್ದುಬಿಡೋಣ ಅಂದಿತು ಕಂಪನಿ. ಮೊದಲ ಭಾಗದ ಕೊನೆಯಲ್ಲಿ ನಾಯಕಿ ಸಿಂಡಿಗೆ ಕಾರು ಗುದ್ದಿತ್ತು, ಬ್ರೆಂಡಾ ಸತ್ತಿದ್ದಳು. ಎರಡನೇ ಭಾಗದಲ್ಲಿ ಎಲ್ಲರೂ ಏನೂ ಆಗದ ಹಾಗೆ ಕಾಲೇಜಿಗೆ ಬಂದುಬಿಟ್ಟರು. ಸ್ಪೂಫ್‌ನಲ್ಲಿ ಇದು ತಪ್ಪಲ್ಲ ಬಿಡಿ, ಇದೂ ಒಂದು ಜೋಕೇ.

ನಿಜವಾದ ಸಮಸ್ಯೆ ಬೇರೆ ಇತ್ತು. ಸ್ಕ್ರೀಮ್ ಥರದ ಚಿತ್ರಗಳ ಸರಕನ್ನೆಲ್ಲ ಮೊದಲ ಭಾಗವೇ ಖಾಲಿ ಮಾಡಿತ್ತು. ಒಂದು ವರ್ಷದಲ್ಲಿ ಪಕ್ಕದ ಮನೆಯವರು ಎಷ್ಟು ಅಡುಗೆ ಮಾಡಿಯಾರು? ಹಾಗಾಗಿ ದೆವ್ವದ ಬಂಗಲೆಗೆ ಹೋದರು. 1999ರ ‘ದ ಹಾಂಟಿಂಗ್’ ಕಥೆಯ ಚೌಕಟ್ಟು ತಗೊಂಡರು. 1973ರ ‘ದಿ ಎಕ್ಸಾರ್ಸಿಸ್ಟ್’ 2000ದಲ್ಲಿ ಮರುಬಿಡುಗಡೆ ಆಗಿತ್ತಲ್ಲ, ಅದನ್ನೂ ಸೇರಿಸಿಕೊಂಡರು. ಅದರಲ್ಲಿನ ಪಾದ್ರಿ ಪಾತ್ರಕ್ಕೆ ಮೊದಲು ಬಂದಿದ್ದವರು ಸಾಕ್ಷಾತ್ ಮಾರ್ಲನ್ ಬ್ರಾಂಡೊ. ಕಾಯಿಲೆಯಿಂದಾಗಿ ಅವರು ಬಿಡಬೇಕಾಯಿತು, ಜೇಮ್ಸ್ ವುಡ್ಸ್ ಬಂದರು. ಖರ್ಚು 4.5 ಕೋಟಿಗೆ ಏರಿತು, ಗಳಿಕೆ 14.1 ಕೋಟಿಗೆ ಇಳಿಯಿತು. ನಷ್ಟ ಏನಲ್ಲ. ಆದರೆ ಎರಡು ಪಟ್ಟಿಗಿಂತ ಹೆಚ್ಚು ಖರ್ಚು ಮಾಡಿ ಅರ್ಧದಷ್ಟು ಗಳಿಸಿದರೆ ಕಂಪನಿ ಮುಖ ಹೇಗಿರುತ್ತೆ, ನೀವೇ ಯೋಚಿಸಿ.

ಮೂರನೇ ಭಾಗ 2003ರ ಅಕ್ಟೋಬರ್‌ನಲ್ಲಿ ಬಂತು. ವೇಯನ್ಸ್ ಕುಟುಂಬ ಅದರಲ್ಲಿ ಇರಲಿಲ್ಲ. ತಾವಾಗಿ ಬಿಟ್ಟು ಹೋಗಿದ್ದಲ್ಲ, ತಮ್ಮ ಕೈಯಿಂದ ಸರಣಿಯನ್ನು ಕಿತ್ತುಕೊಂಡರು ಅನ್ನೋ ಅರ್ಥದಲ್ಲಿ ಮಾರ್ಲನ್ ನಂತರದ ಸಂದರ್ಶನಗಳಲ್ಲಿ ಮಾತಾಡಿದ್ದಾರೆ. ಹೆಸರು, ಹಕ್ಕು ಎಲ್ಲ ಕಂಪನಿಯದ್ದು. ಜೋಕ್ ಹುಟ್ಟಿಸಿದವರು ಹೊರಗೆ.

ಅವರ ಜಾಗಕ್ಕೆ ಬಂದ ನಿರ್ದೇಶಕ ಯಾರು? ಡೇವಿಡ್ ಝಕರ್! 1982ರಲ್ಲಿ ಯಾರ ಕೂಸನ್ನು ಬೇರೆಯವರು ಎತ್ತಿಕೊಂಡು ಹೋಗಿದ್ದರೋ ಅದೇ ಮನುಷ್ಯ, 2003ರಲ್ಲಿ ಇನ್ನೊಬ್ಬರ ಕೂಸನ್ನು ಎತ್ತಿಕೊಂಡ. ಇದರಲ್ಲಿ ಝಕರ್ ಅವರನ್ನು ವಿಲನ್ ಮಾಡೋ ಉದ್ದೇಶ ನನಗಿಲ್ಲ. ಕೆಲಸ ಬಂತು, ಮಾಡಿದರು. ಆದರೆ ಸೀಕ್ವೆಲ್ ಅನ್ನೋ ಯಂತ್ರ ಹೇಗೆ ಓಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಮತ್ತೆ, ಕಹಿಯಾದರೂ ಹೇಳಲೇಬೇಕಾದ ಮಾತು: ಮೂರನೇ ಭಾಗ ಗೆದ್ದಿತು. 4.8 ಕೋಟಿ ಖರ್ಚಿಗೆ ಸುಮಾರು 22 ಕೋಟಿ ಗಳಿಕೆ. ಯಾಕೆ? ಮೂರು ಕಾರಣ ಕೊಡ್ತೀನಿ.

ಒಂದು, ಪಕ್ಕದ ಮನೆಯಲ್ಲಿ ಹಬ್ಬದಡುಗೆ ಆಗಿತ್ತು. 2002ರಲ್ಲಿ ‘ದ ರಿಂಗ್’, ‘ಸೈನ್ಸ್’ ಎರಡೂ ಭರ್ಜರಿ ಓಡಿದ್ದವು. ಟಿವಿಯೊಳಗಿಂದ ತೆವಳಿ ಬರುವ ಹುಡುಗಿ, ಜೋಳದ ಹೊಲದಲ್ಲಿನ ಗುರುತುಗಳು, ಎಲ್ಲರ ತಲೆಯಲ್ಲೂ ಹಸಿಯಾಗಿದ್ದವು.

ಎರಡು, ವಯಸ್ಸಿನ ಸರ್ಟಿಫಿಕೇಟ್. ಮೊದಲೆರಡು ಭಾಗಕ್ಕೆ ಅಮೆರಿಕದಲ್ಲಿ ‘ಆರ್’ ದರ್ಜೆ, ಅಂದ್ರೆ 17 ತುಂಬದವರು ದೊಡ್ಡವರ ಜೊತೆಗೇ ಬರಬೇಕು. ಮೂರನೆಯದು ‘ಪಿಜಿ-13’. ಹೈಸ್ಕೂಲ್ ಹುಡುಗರು ದಂಡು ಕಟ್ಟಿಕೊಂಡು ಬಂದರು.

ಮೂರು, ಝಕರ್ ಅವರಿಗೆ 1948ರ ಹಳೇ ಪಾಠ ಗೊತ್ತಿತ್ತು. ನಟ ನಗಬಾರದು. ಲೆಸ್ಲಿ ನೀಲ್ಸನ್ ಅಧ್ಯಕ್ಷರ ಪಾತ್ರದಲ್ಲಿ ಮುಖ ಒಂಚೂರೂ ಸಡಿಲಿಸದೆ ಮಹಾ ಪೆದ್ದುತನ ಮಾಡ್ತಾರೆ. ಅಂದಹಾಗೆ, ಆ ಚಿತ್ರದ ಬರಹಗಾರರಲ್ಲಿ ಒಬ್ಬರು ಕ್ರೇಗ್ ಮೇಜಿನ್. ಮುಂದೆ ‘ಚೆರ್ನೋಬಿಲ್’ ಸರಣಿ ಬರೆದು ಜಗತ್ತನ್ನೇ ನಡುಗಿಸಿದರಲ್ಲ, ಅವರೇ!

2006ರ ನಾಲ್ಕನೇ ಭಾಗವೂ ಝಕರ್ ಅವರದ್ದೇ. ‘ಸಾ’, ‘ದ ಗ್ರಡ್ಜ್’, ‘ವಾರ್ ಆಫ್ ದ ವರ್ಲ್ಡ್ಸ್’ ಅಣಕ. ಗಳಿಕೆ 17.8 ಕೋಟಿ. ಪರವಾಗಿಲ್ಲ ಅನ್ನಬಹುದು. ಆದರೆ ಒಂದು ಬದಲಾವಣೆ ಗಮನಿಸಿ. ಟಾಮ್ ಕ್ರೂಸ್ ಟಿವಿ ಕಾರ್ಯಕ್ರಮದಲ್ಲಿ ಸೋಫಾ ಮೇಲೆ ಹತ್ತಿ ಕುಣಿದ ಪ್ರಸಂಗವನ್ನೂ ಅಣಕಿಸಿದರು. ಸಿನಿಮಾದ ಗೇಲಿ ಹೋಗಿ ಸುದ್ದಿಯ ಗೇಲಿ ಶುರುವಾಗಿತ್ತು. ಹುಲಿಯನ್ನು ನೋಡಿ ನರಿ ಮೈ ಸುಟ್ಟುಕೊಂಡಿತಂತೆ, ಹಾಗೆ ಬೇರೆಯವರೂ ಇದೇ ದಾರಿ ಹಿಡಿದರು. ಮೊದಲ ‘ಸ್ಕೇರಿ ಮೂವಿ’ಯ ಆರು ಬರಹಗಾರರಲ್ಲಿ ಇಬ್ಬರು ‘ಡೇಟ್ ಮೂವಿ’, ‘ಎಪಿಕ್ ಮೂವಿ’, ‘ಡಿಸಾಸ್ಟರ್ ಮೂವಿ’ ಅಂತ ಸಾಲುಸಾಲಾಗಿ ತಂದರು. ಅಲ್ಲಿ ಜೋಕ್ ಇಲ್ಲ, ಬರೀ ನೆನಪಿಸೋದು. ‘ಇದು ಯಾವ ಸಿನಿಮಾದ್ದು ಗೊತ್ತಾಯ್ತಾ?’ ಅನ್ನೋ ಕ್ವಿಜ್ ಅಷ್ಟೇ.

ಏಳು ವರ್ಷ ಬಿಟ್ಟು 2013ರ ಏಪ್ರಿಲ್‌ನಲ್ಲಿ ಐದನೇ ಭಾಗ ಬಂತು. ನಾಲ್ಕೂ ಭಾಗ ಹೊತ್ತು ತಂದಿದ್ದ ಆನಾ ಫಾರಿಸ್ ಇಲ್ಲ, ರೆಜಿನಾ ಹಾಲ್ ಇಲ್ಲ. 2 ಕೋಟಿ ಖರ್ಚು, 7.8 ಕೋಟಿ ಗಳಿಕೆ. ಐದರಲ್ಲೇ ಅತಿ ಕಡಿಮೆ.

ಈ ಸೋಲು ನನಗೆ ಬಹಳ ಕುತೂಹಲದ್ದು. ಅದು ಅಣಕಿಸಿದ್ದು ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯನ್ನು. ಆ ಮೂಲ ಚಿತ್ರ ತಯಾರಾದದ್ದು ಸುಮಾರು 15 ಸಾವಿರ ಡಾಲರ್‌ನಲ್ಲಿ, ಒಂದು ಮನೆ, ಒಂದು ಕ್ಯಾಮೆರಾ. ಅಂದರೆ ಅಣಕಕ್ಕೆ ಮೂಲಕ್ಕಿಂತ ಸಾವಿರ ಪಟ್ಟು ಹೆಚ್ಚು ಖರ್ಚು! ಅದೇ ವರ್ಷ ಜನವರಿಯಲ್ಲಿ ಮಾರ್ಲನ್ ವೇಯನ್ಸ್ ತಮ್ಮದೇ ಆದ ‘ಎ ಹಾಂಟೆಡ್ ಹೌಸ್’ ಬಿಡುಗಡೆ ಮಾಡಿದ್ದರು. ಅದೇ ಸರಕಿನ ಅಣಕ, ಖರ್ಚು 25 ಲಕ್ಷ ಡಾಲರ್, ಗಳಿಕೆ 6 ಕೋಟಿ. ಮನೆಯಿಂದ ಹೊರಗೆ ಹಾಕಿಸಿಕೊಂಡವರು ಪಕ್ಕದಲ್ಲೇ ಸಣ್ಣ ಅಂಗಡಿ ಇಟ್ಟು, ಸಿಕ್ಕ ಲಾಭದಲ್ಲಿ ದೊಡ್ಡ ಅಂಗಡಿಯನ್ನು ನಾಚಿಸಿದ ಹಾಗೆ. ಆದರೆ ಸೀಕ್ವೆಲ್ ಶಾಪ ಅವರನ್ನೂ ಬಿಡಲಿಲ್ಲ. 2014ರ ‘ಎ ಹಾಂಟೆಡ್ ಹೌಸ್ 2’ ಮೊದಲನೆಯದರ ಅರ್ಧವನ್ನೂ ಮುಟ್ಟಲಿಲ್ಲ.

ಇನ್ನೊಂದು ಕಾರಣ ನಿಮ್ಮ ಕೈಯಲ್ಲೇ ಇದೆ, ಆ ಫೋನ್. 2013ರ ಜನವರಿಯಲ್ಲಿ ವೈನ್ ಆ್ಯಪ್ ಬಂತು, ಆರು ಸೆಕೆಂಡಿನ ವಿಡಿಯೋ. ಯೂಟ್ಯೂಬ್ ಆಗಲೇ ಮನೆಮನೆಯಲ್ಲಿತ್ತು. ಒಂದು ಟ್ರೇಲರ್ ಬಂದ ಸಂಜೆಯೇ ಅದರ ಅಣಕ ಬರೋಕೆ ಶುರುವಾಯಿತು. ಸ್ಪೂಫ್ ಸಿನಿಮಾ ಥಿಯೇಟರಿಗೆ ಬರೋ ಹೊತ್ತಿಗೆ ಆ ಜೋಕ್ ನಾಲ್ಕು ಸಲ ಫಾರ್ವರ್ಡ್ ಆಗಿ ಹಳಸಿರುತ್ತಿತ್ತು.

ಹಾಗಾದರೆ ಲೆಕ್ಕ ಏನು ಹೇಳುತ್ತೆ? ‘ಮೂಲ ತಂಡ ಇದ್ದರೆ ಗೆಲುವು, ಇಲ್ಲದಿದ್ದರೆ ಸೋಲು’ ಅನ್ನೋ ಸರಳ ಸೂತ್ರ ಕೈ ಹಿಡಿಯೋದಿಲ್ಲ. ಮೂಲ ತಂಡ ಇದ್ದ ಎರಡನೇ ಭಾಗ ಕುಸಿಯಿತು, ಇಲ್ಲದ ಮೂರನೆಯದು ಎದ್ದು ನಿಂತಿತು. ಗೆದ್ದ ಕಡೆಯೆಲ್ಲ ನನಗೆ ಕಾಣೋದು ಎರಡು ವಿಷಯ. ಎಲ್ಲರೂ ಇತ್ತೀಚೆಗೆ ನಿಜವಾಗಿ ಹೆದರಿದ್ದ ಒಂದು ಸಿನಿಮಾ, ಮತ್ತು ಅದನ್ನು ಗಂಭೀರವಾಗಿ ಆಡಬಲ್ಲ ನಟರು. ಆನಾ ಫಾರಿಸ್ ಅಂಥ ನಟಿ. ಅವರ ಸಿಂಡಿಗೆ ತಾನು ಕಾಮಿಡಿ ಸಿನಿಮಾದಲ್ಲಿ ಇದ್ದೀನಿ ಅನ್ನೋದೇ ಗೊತ್ತಿಲ್ಲ. ಅದೇ ಆ ಪಾತ್ರದ ಶಕ್ತಿ.

ಆದರೆ ಗಲ್ಲಾಪೆಟ್ಟಿಗೆ ಗೆದ್ದರೆ ನ್ಯಾಯವೂ ಗೆದ್ದ ಹಾಗಲ್ಲ. ಐದು ಭಾಗ ಸೇರಿ ಹತ್ತಿರ ಹತ್ತಿರ 90 ಕೋಟಿ ಡಾಲರ್. ಅದರಲ್ಲಿ ಮೂರು ಭಾಗಗಳನ್ನು ಅದರ ಜನಕರು ಹೊರಗೆ ನಿಂತು ನೋಡಿದರು. ಇವತ್ತು ರೀಲ್ಸ್ ಮಾಡೋರು, ಸ್ಕಿಟ್ ಬರೆಯೋರು ಈ ಸಂಚಿಕೆ ಕೇಳ್ತಿದ್ದರೆ ಒಂದು ಮಾತು. ಜೋಕ್ ನಿಮ್ಮದಾದರೂ ಅದರ ಹೆಸರು ಯಾರ ಹೆಸರಲ್ಲಿ ನೋಂದಣಿಯಾಗಿದೆ, ಎರಡನೇ ಭಾಗದ ಹಕ್ಕು ಯಾರಿಗೆ ಅಂತ ಸಹಿ ಹಾಕೋ ಮುಂಚೆ ಓದಿ. ಮೊದಲ ಭಾಗ ಹಿಟ್ ಆದ ಮೇಲೆ ಓದಿದರೆ ಪ್ರಯೋಜನ ಇಲ್ಲ.

ಈ ನಡುವೆ ಆ ಹಳೇ ಮೊನೆ ಬೇರೆ ಕಡೆ ಚಿಗುರಿತು. ಹಾಸ್ಯನಟ ಜೋರ್ಡನ್ ಪೀಲ್ 2017ರಲ್ಲಿ ‘ಗೆಟ್ ಔಟ್’ ಮಾಡಿ, ಹಾರರನ್ನು ಅಣಕಿಸುವ ಬದಲು ತಾನೇ ಹಾರರ್ ಬರೆದು ಆಸ್ಕರ್ ಗೆದ್ದರು. ಕಪ್ಪು ಪಾತ್ರ ಮೊದಲು ಸಾಯುತ್ತೆ ಅನ್ನೋ ಜೋಕನ್ನೇ ಇಡೀ ಕಥೆ ಮಾಡಿದ ‘ದ ಬ್ಲ್ಯಾಕನಿಂಗ್’ 2023ರಲ್ಲಿ ಥಿಯೇಟರಿಗೆ ಬಂತು. ಪಾತ್ರಗಳೆಲ್ಲ ಕಪ್ಪು ಜನರೇ ಆದರೆ ಮೊದಲು ಯಾರು ಸಾಯಬೇಕು ಅನ್ನೋದು ಅದರ ಪ್ರಶ್ನೆ. ನಿರ್ದೇಶಕರು ಯಾರು ಗೊತ್ತಾ? ಕೀನನ್ ದಾಖಲೆ ಮುರಿದಿದ್ದ ಅದೇ ಟಿಮ್ ಸ್ಟೋರಿ.

2024ರ ಅಕ್ಟೋಬರ್‌ನಲ್ಲಿ ವೇಯನ್ಸ್ ಸಹೋದರರು ‘ಸ್ಕೇರಿ ಮೂವಿ’ಗೆ ಮರಳುತ್ತಾರೆ ಅನ್ನೋ ಘೋಷಣೆ ಆಯಿತು. ಹಳೇ ಗಂಡನ ಪಾದವೇ ಗತಿ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಸ್ಟುಡಿಯೋಗೂ ಅದು ಅರ್ಥವಾದ ಹಾಗಿದೆ. 2013ರಿಂದ ಈಚೆಗೆ ಗಂಭೀರ ಹಾರರ್ ಚಿತ್ರಗಳ ರಾಶಿಯೇ ಬಿದ್ದಿರೋದರಿಂದ ಅಣಕಿಸೋಕೆ ಸರಕಿಗೇನೂ ಬರ ಇಲ್ಲ.

ನೀವು ಈ ವಾರಾಂತ್ಯ ನೋಡೋದಾದರೆ ನನ್ನ ಸಲಹೆ ಇಷ್ಟು. ಮೊದಲು ‘ದ ರಿಂಗ್’ ನೋಡಿ, ಸರಿಯಾಗಿ ಹೆದರಿ. ಮಾರನೇ ದಿನ ‘ಸ್ಕೇರಿ ಮೂವಿ 3’ ನೋಡಿ. ಸಮಯ ಇದ್ದರೆ 1948ರ ಅಬಟ್ ಅಂಡ್ ಕಾಸ್ಟೆಲ್ಲೊಗೂ ಒಂದೂವರೆ ಗಂಟೆ ಕೊಡಿ. ಮೊದಲೆರಡು ‘ಸ್ಕೇರಿ ಮೂವಿ’ಗಳನ್ನು ಮಾತ್ರ ಮನೆಯವರ ಜೊತೆ ಕೂತು ನೋಡೋ ಸಾಹಸ ಬೇಡ. ನಿಮ್ಮ ಪ್ರಕಾರ ಯಾವ ಭಾಗ ಗೆದ್ದಿತು, ಯಾವುದು ಎಡವಿತು ಅಂತ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.